ಬೇಜಾರಾಗಿದೆ ಅಂತ ಇಂಗ್ಲಿಷಿನಲ್ಲಿ ಹೇಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶದ ಗಿರಾಕಿಗಳ ಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸವನ್ನು ಬೆಂಗಳೂರಿನಲ್ಲಿ 11 ವರ್ಷ ಮಾಡಿದೆ. ಈಗ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಥ್ಯಾಂಕ್ಯೂ, ಪ್ಲೀಸ್, ಗುಡ್ ಮಾರ್ನಿಂಗ್ ಎಲ್ಲರಿಗೂ ಬರುತ್ತೆ. ಎಡವುವುದು ಸಿಟ್ಟು ಬಂದಾಗ. ಒಂದೋ ಬಾಯಿ ಕಟ್ಟಿಹೋಗುತ್ತೆ, ಇಲ್ಲಾಂದ್ರೆ ಹೇಳಬೇಕಾದ್ದಕ್ಕಿಂತ ನಾಲ್ಕು ಪಟ್ಟು ಜೋರಾಗಿ ಆಚೆ ಬರುತ್ತೆ.

ಕನ್ನಡದಲ್ಲಿ ನಾವು ಸಿಟ್ಟನ್ನು ದನಿಯಲ್ಲಿ ಹೇಳುತ್ತೇವೆ. "ಏನ್ರೀ ಇದು?" ಅಂದರೆ ಸಾಕು. ಅದನ್ನೇ ನಕ್ಕೊಂಡೂ ಹೇಳಬಹುದು, ಗುರ್ ಅಂತಲೂ ಹೇಳಬಹುದು. ಇಂಗ್ಲಿಷಿನಲ್ಲಿ, ಅದರಲ್ಲೂ ಬರೆಯುವಾಗ, ಎಷ್ಟು ಸಿಟ್ಟು ಅನ್ನೋದನ್ನು ಪದವೇ ಹೇಳಬೇಕು. ತರಗತಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ.

"ಬೇಜಾರು" ಅನ್ನೋದಕ್ಕೆ ಇಂಗ್ಲಿಷ್ ಪದ ಯಾವುದು?

ಒಂದೇ ಪದ ಇಲ್ಲ. ತೊಂದರೆ ಶುರುವಾಗೋದೇ ಇಲ್ಲಿ. ಪಾರಸಿಯಿಂದ ಬಂದ ಈ ಪದವನ್ನು ನಾವು ಎಳೆದು ಎಳೆದು ಎಲ್ಲದಕ್ಕೂ ಹೊದಿಸಿದ್ದೇವೆ. ಭಾನುವಾರ ಮಧ್ಯಾಹ್ನ ಮಾಡಲು ಏನೂ ಕೆಲಸವಿಲ್ಲ, ಬೇಜಾರು: ಅದು ಬೋರ್ಡ್. ದಿನಾ ಅದೇ ಟ್ರಾಫಿಕ್, ಬೇಜಾರಾಗಿಹೋಗಿದೆ: ಫೆಡ್ ಅಪ್. ಅಜ್ಜಿ ಹೋದರು, ಬೇಜಾರು: ಸ್ಯಾಡ್. ಗೃಹಪ್ರವೇಶಕ್ಕೆ ಸ್ವಂತ ಅಕ್ಕನೇ ಕರೆಯಲಿಲ್ಲ: ಹರ್ಟ್. ಬಡ್ತಿ ಸಿಗುತ್ತೆ ಅಂದುಕೊಂಡಿದ್ದೆ, ಸಿಗಲಿಲ್ಲ: ಡಿಸಪಾಯಿಂಟೆಡ್. ಮೇಲಿನ ಮನೆಯವರು ರಾತ್ರಿ 11 ಗಂಟೆಗೆ ಮಿಕ್ಸಿ ಹಾಕ್ತಾರೆ: ಅನಾಯ್ಡ್. ಕನ್ನಡದವರಿಗೆ ಆರೂ ಒಂದೇ. ಇಂಗ್ಲಿಷಿನವರಿಗೆ ಆರು ಬೇರೆ ಬೇರೆ ಸಂಗತಿ. ಹಾಗಾಗಿ ಬಾಯಿ ತೆರೆಯೋ ಮೊದಲು "ನನಗೆ ಆಗಿರೋದು ಯಾವ ಬೇಜಾರು?" ಅಂತ ನಮ್ಮನ್ನೇ ಕೇಳಿಕೊಳ್ಳಬೇಕು.

"ಐ ಫೆಲ್ಟ್ ಬ್ಯಾಡ್" ಅಂದ್ರೆ ಆಗಲ್ವಾ?

ಇಲ್ಲಿ ನಮ್ಮ ನಮ್ಮಲ್ಲಿ ಆಗುತ್ತೆ. ಹೊರಗಿನವರ ಹತ್ತಿರ ಅರ್ಥ ತಿರುಗಿಬೀಳುತ್ತೆ. ಅವರ ಕಿವಿಗೆ "ಐ ಫೆಲ್ಟ್ ಬ್ಯಾಡ್" ಅಂದರೆ ಹೆಚ್ಚಾಗಿ "ನಾನು ತಪ್ಪು ಮಾಡಿದೆ ಅನ್ನಿಸಿತು" ಅಥವಾ "ಪಾಪ ಅನ್ನಿಸಿತು" ಅಂತ. ನೀವು ಬೈಸಿಕೊಂಡ ಕಥೆ ಹೇಳಿ ಕೊನೆಗೆ "ಐ ಫೆಲ್ಟ್ ಬ್ಯಾಡ್" ಅಂದರೆ, ತಪ್ಪು ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ. "ಐ ವಾಸ್ ಹರ್ಟ್" ಅನ್ನಿ, ಅಥವಾ "ಇಟ್ ಅಪ್ಸೆಟ್ ಮಿ".

"ಬೇಜಾರು ಮಾಡ್ಕೋಬೇಡಿ" ಅನ್ನೋದಕ್ಕೂ ಇದೇ ಗತಿ. "ಡೋಂಟ್ ಫೀಲ್ ಬ್ಯಾಡ್" ಅಂದರೆ "ಕೊರಗಬೇಡಿ, ಬಿಡಿ" ಅಂತ ಸಮಾಧಾನ ಹೇಳಿದ ಹಾಗಾಗುತ್ತೆ. ನಮಗೆ ಬೇಕಿರುವುದು "ಐ ಹೋಪ್ ಯು ಡೋಂಟ್ ಮೈಂಡ್ ಮೈ ಸೇಯಿಂಗ್ ದಿಸ್". "ನೋ ಅಫೆನ್ಸ್" ಅಂತಲೂ ಇದೆ, ಆದರೆ ಆ ಮಾತು ಕೇಳಿದ ಕೂಡಲೇ ಎದುರಿನವರು ಹೊಡೆತ ತಿನ್ನಲು ಸಿದ್ಧವಾಗುತ್ತಾರೆ.

ಸಿಟ್ಟಿನ ಪದಗಳಲ್ಲಿ ಯಾವುದು ಚಿಕ್ಕದು, ಯಾವುದು ದೊಡ್ಡದು?

ಕೆಳಗಿನಿಂದ ಹತ್ತೋಣ. ಅನಾಯ್ಡ್, ಇರಿಟೇಟೆಡ್ ಅಂದರೆ ಕಿರಿಕಿರಿ. ಸೊಳ್ಳೆ ಗುಯ್‌ಗುಟ್ಟಿದ ಹಾಗೆ. ಮಿಫ್ಡ್, ಪೀವ್ಡ್ ಕೂಡ ಅದೇ ಮಟ್ಟದವು, ಸ್ವಲ್ಪ ತಮಾಷೆಯ ಛಾಯೆ ಇದೆ. ಕ್ರಾಸ್ ಅನ್ನೋದು ಬ್ರಿಟಿಷ್ ಅಮ್ಮಂದಿರ ಪದ, ಮಕ್ಕಳ ಮೇಲೆ ಸಿಡುಕುವಾಗ ಬರುವಂಥದ್ದು. ಆಂಗ್ರಿ ಅಂದರೆ ಸಿಟ್ಟೇ. ಫ್ಯೂರಿಯಸ್ ಅಂದರೆ ಕೆಂಡಾಮಂಡಲ. ಲಿವಿಡ್ ಅಂದರೆ ಅದಕ್ಕೂ ಮೇಲೆ. ಈ ಲಿವಿಡ್ ಮೊದಲಿಗೆ ಬಣ್ಣದ ಹೆಸರು. ಲ್ಯಾಟಿನ್‌ನಲ್ಲಿ ಸೀಸದಂಥ ನೀಲಿ, ಪೆಟ್ಟು ಬಿದ್ದ ಜಾಗ ಕಂದಿದ ಬಣ್ಣ. ನಮ್ಮಲ್ಲಿ ಸಿಟ್ಟು ಬಂದರೆ ಮುಖ ಕೆಂಪಾಗುತ್ತೆ, ಈ ಪದದಲ್ಲಿ ಮಾತ್ರ ಸಿಟ್ಟು ನೀಲಿಗಟ್ಟಿದೆ.

ಒಂದು ಎಚ್ಚರ. "ವೆರಿ ಫ್ಯೂರಿಯಸ್", "ವೆರಿ ಲಿವಿಡ್" ಅಂತ ಅವರು ಅನ್ನಲ್ಲ. ಕೆಂಡಾಮಂಡಲಕ್ಕೆ ಇನ್ನೆಷ್ಟು ಉಪ್ಪು ಖಾರ ಹಾಕ್ತೀರಿ? ಹಾಕಲೇಬೇಕಿದ್ದರೆ "ಆಬ್ಸೊಲ್ಯೂಟ್ಲಿ ಫ್ಯೂರಿಯಸ್".

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಆಂಗರ್ ಪದ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಸಂಕಟ, ದುಃಖ. ಸಿಟ್ಟಿನ ಬೇರು ಸಂಕಟದಲ್ಲಿದೆ.

ಇರಿಟೇಟೆಡ್, ಇರಿಟೇಟಿಂಗ್: ಯಾವುದು ಯಾವಾಗ?

ಆಗುವವರಿಗೆ "ಎಡ್", ಮಾಡುವವರಿಗೆ "ಇಂಗ್". ಒಬ್ಬ ಹುಡುಗ ಸಂದರ್ಶನದಲ್ಲಿ "ಐ ಆಮ್ ಇರಿಟೇಟಿಂಗ್ ಇನ್ ಮೈ ಪ್ರೆಸೆಂಟ್ ಜಾಬ್" ಅಂದುಬಿಟ್ಟ. "ಈಗಿನ ಕೆಲಸದಲ್ಲಿ ನಾನೇ ಎಲ್ಲರಿಗೂ ಕಿರಿಕಿರಿ" ಅಂತ ಅರ್ಥವಾಯಿತು. ಬೋರ್ಡ್ ಮತ್ತು ಬೋರಿಂಗ್, ಅನಾಯ್ಡ್ ಮತ್ತು ಅನಾಯಿಂಗ್, ಎಲ್ಲದಕ್ಕೂ ಇದೇ ಲೆಕ್ಕ.

ಆಂಗ್ರಿ ಆನ್ ಹಿಮ್ ಅನ್ನಬೇಕಾ, ವಿತ್ ಹಿಮ್ ಅನ್ನಬೇಕಾ?

ಕನ್ನಡದಲ್ಲಿ ಸಿಟ್ಟು "ಮೇಲೆ" ಇರುತ್ತೆ. ಅವನ ಮೇಲೆ ಸಿಟ್ಟು. ಅದಕ್ಕೇ ನಮಗೆ "ಆನ್" ಬಾಯಿಗೆ ಬರುತ್ತೆ. ಇಂಗ್ಲಿಷಿನಲ್ಲಿ ವ್ಯಕ್ತಿಯಾದರೆ "ವಿತ್" ಅಥವಾ "ಆ್ಯಟ್", ವಿಷಯವಾದರೆ "ಅಬೌಟ್". ಫೆಡ್ ಅಪ್‌ಗೆ "ವಿತ್". "ಫೆಡ್ ಅಪ್ ಆಫ್" ಅಂತ ಬ್ರಿಟನ್‌ನಲ್ಲೂ ಜನ ಮಾತಾಡುತ್ತಾರೆ, ಬರೆಯುವಾಗ ಬೇಡ.

ಡಿಸಪಾಯಿಂಟೆಡ್‌ನಲ್ಲಿ ಮಾತ್ರ ಹುಷಾರಾಗಿರಿ. "ಡಿಸಪಾಯಿಂಟೆಡ್ ವಿತ್ ದ ಸರ್ವೀಸ್" ಅಂದರೆ ಸೇವೆ ಸರಿಯಿಲ್ಲ ಅಷ್ಟೇ. "ಡಿಸಪಾಯಿಂಟೆಡ್ ಇನ್ ಯು" ಅಂದರೆ "ನೀನು ಇಂಥವನು ಅಂತ ಅಂದುಕೊಂಡಿರಲಿಲ್ಲ". ಅಪ್ಪ ಬೈಯದೆ ಸುಮ್ಮನೆ ಎದ್ದು ಒಳಗೆ ಹೋದರೆ ಹೇಗಿರುತ್ತೆ? ಹಾಗೆ ಅದು. ಕೈಕೆಳಗಿನವರಿಗೆ ಈ ಮಾತನ್ನು ಮೇಲ್‌ನಲ್ಲಿ ಬರೆಯಲೇಬೇಡಿ.

ಬ್ರಿಟಿಷ್ ಗಿರಾಕಿ "ಎ ಲಿಟಲ್ ಕನ್ಸರ್ನ್ಡ್" ಅಂದಿದ್ದಾರೆ. ಚಿಂತೆ ಮಾಡಬೇಕಾ?

ಮಾಡಿ. ಈಗಲೇ ಮಾಡಿ.

ನನ್ನ ಮೊದಲ ವರ್ಷದ ಕಥೆ. ಶುಕ್ರವಾರ ಸಂಜೆ ಲಂಡನ್‌ನಿಂದ ಒಂದು ಮೇಲ್ ಬಂತು. "ಐ ಆಮ್ ಎ ಲಿಟಲ್ ಕನ್ಸರ್ನ್ಡ್ ಅಬೌಟ್ ದ ಡೇಟ್ಸ್." ಅಷ್ಟೇ ಇದ್ದದ್ದು, ಕೆಳಗೆ "ಹ್ಯಾವ್ ಎ ಲವ್ಲಿ ವೀಕೆಂಡ್". ನಾನು ಮತ್ತು ಪಕ್ಕದ ಕುರ್ಚಿಯವನು ಓದಿದೆವು. "ಎ ಲಿಟಲ್ ಅಂದಿದ್ದಾರೆ, ಸ್ವಲ್ಪ ತಾನೇ, ಸೋಮವಾರ ನೋಡೋಣ ಬಿಡು" ಅಂದ ಅವನು. "ನೋಟೆಡ್, ಥ್ಯಾಂಕ್ಸ್" ಅಂತ ಉತ್ತರ ಕಳಿಸಿ ಬಿರಿಯಾನಿ ತಿನ್ನಲು ಹೋದೆವು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ನಮ್ಮ ಬಾಸ್, ಅವರ ಬಾಸ್, ಇಬ್ಬರೂ ಕಾನ್ಫರೆನ್ಸ್ ರೂಮಿನಲ್ಲಿ ಕೂತಿದ್ದರು. ಅವರ ಪಾಲಿಗೆ ಆ ಮೇಲ್ ಬೆಂಕಿ ಗಂಟೆ. ನಮ್ಮ "ನೋಟೆಡ್" ಅದರ ಮೇಲೆ ಸುರಿದ ಎಣ್ಣೆ.

ಬ್ರಿಟಿಷರು ಅಸಮಾಧಾನವನ್ನು ಕುಗ್ಗಿಸಿ ಹೇಳುತ್ತಾರೆ. "ನಾಟ್ ಐಡಿಯಲ್" ಅಂದರೆ ಕೆಲಸ ಕೆಟ್ಟಿದೆ. "ನಾಟ್ ಎಂಟೈರ್ಲಿ ಹ್ಯಾಪಿ" ಅಂದರೆ ಚೂರೂ ಖುಷಿಯಿಲ್ಲ. "ಕ್ವೈಟ್ ಗುಡ್" ಅಂದರೆ ಎಷ್ಟೋ ಸಲ "ಪರವಾಗಿಲ್ಲ, ಇನ್ನೂ ಚೆನ್ನಾಗಿರಬೇಕಿತ್ತು". "ವಿತ್ ಆಲ್ ಡ್ಯೂ ರೆಸ್ಪೆಕ್ಟ್" ಅಂತ ಶುರುವಾದರೆ ಮುಂದೆ ಮರ್ಯಾದೆ ಇರಲ್ಲ. ನಮ್ಮಲ್ಲೂ ಇದೆ ಅನ್ನಿ. ಬೀಗರು "ಊಟ ಪರವಾಗಿಲ್ಲ" ಅಂದರೆ ಹುಡುಗಿಯ ಅಪ್ಪ ರಾತ್ರಿ ಮಲಗಲ್ಲ.

ಅಮೆರಿಕದವರ ದಾರಿಯೇ ಬೇರೆ. ಮೊದಲು "ಗ್ರೇಟ್ ವರ್ಕ್, ಲವ್ ಇಟ್" ಅನ್ನುತ್ತಾರೆ, ಆಮೇಲೆ "ಬಟ್". ಅವರ ಮೇಲ್ ಅನ್ನು "ಬಟ್" ಇಂದ ಓದಲು ಶುರುಮಾಡಿ.

"ಐ ಆಮ್ ಅಫ್ರೇಡ್" ಅಂತ ಯಾಕೆ ಅಂತಾರೆ? ಭಯ ಯಾತಕ್ಕೆ?

ಭಯ ಏನೂ ಇಲ್ಲ. "ಐ ಆಮ್ ಅಫ್ರೇಡ್ ದ ರೂಮ್ ಈಸ್ ನಾಟ್ ಕ್ಲೀನ್" ಅಂದರೆ "ಹೇಳೋಕೆ ಸಂಕೋಚ, ಆದರೆ ರೂಮ್ ಕ್ಲೀನ್ ಇಲ್ಲ". ಕಹಿ ಮಾತ್ರೆಯ ಮೇಲಿನ ಬೆಲ್ಲ. "ಐ ವಾಸ್ ಹೋಪಿಂಗ್" ಕೂಡ ಇದೇ ಜಾತಿ. "ಐ ವಾಸ್ ಹೋಪಿಂಗ್ ಟು ಗೆಟ್ ಇಟ್ ಟುಡೇ" ಅಂದರೆ ಇವತ್ತು ಕೊಡ್ತೀವಿ ಅಂದಿದ್ರಲ್ಲ, ಎಲ್ಲಿ ಅಂತ.

"ಮೈ ಬಾಸ್ ಫೈರ್ಡ್ ಮಿ" ಅಂದದ್ದಕ್ಕೆ ಅಮೆರಿಕದ ಗೆಳೆಯ ಗಾಬರಿಯಾದ. ಯಾಕೆ?

ನಿಮ್ಮ ಕೆಲಸ ಹೋಯಿತು ಅಂದುಕೊಂಡ. ನಮ್ಮ ಆಫೀಸುಗಳಲ್ಲಿ "ಸರ್ ಸಿಕ್ಕಾಪಟ್ಟೆ ಫೈರ್ ಮಾಡಿದ್ರು" ಅಂದರೆ ಬೈದರು ಅಂತ. ಅಲ್ಲಿ ಫೈರ್ ಅಂದರೆ ಮನೆಗೆ ಕಳಿಸಿದರು. ಬೈದದ್ದಕ್ಕೆ "ಶೌಟೆಡ್ ಆ್ಯಟ್ ಮಿ" ಅನ್ನಿ. ಸ್ಕೋಲ್ಡ್ ತಪ್ಪಲ್ಲ, ಆದರೆ ಅವರಿಗೆ ಅದು ಮೇಷ್ಟ್ರು ಮಕ್ಕಳಿಗೆ ಬೈದ ಹಾಗೆ ಕೇಳಿಸುತ್ತೆ.

ನಾನು ಮಾಮೂಲಿಯಾಗಿ ಮಾತಾಡಿದರೂ ಒರಟು ಅಂತಾರೆ. ಏನು ತಪ್ಪು?

ಕನ್ನಡದಲ್ಲಿ ಸರಿಯಾಗಿರುವ ಮಾತನ್ನು ಹಾಗೇ ಇಂಗ್ಲಿಷಿಗೆ ಎತ್ತಿ ಇಡುತ್ತಿರಬೇಕು. ನಾನು ಜಾಸ್ತಿ ತಿದ್ದುವ ಮೂರು ಮಾತುಗಳನ್ನು ಹೇಳುತ್ತೇನೆ.

"ಏನು ನಿಮ್ಮ ಪ್ರಾಬ್ಲಂ?" ಅಂತ ನಾವು ಸಹಾಯ ಮಾಡಲೆಂದೇ ಕೇಳುತ್ತೇವೆ. "ವಾಟ್ ಈಸ್ ಯುವರ್ ಪ್ರಾಬ್ಲಂ?" ಅಂದರೆ ಜಗಳಕ್ಕೆ ಕರೆದ ಹಾಗೆ. "ವಾಟ್ ಸೀಮ್ಸ್ ಟು ಬಿ ದ ಪ್ರಾಬ್ಲಂ?" ಅಂದರೆ ಅದೇ ಪ್ರಶ್ನೆ ಮೆತ್ತಗಾಗುತ್ತೆ.

"ಯು ಪೀಪಲ್." ನಮಗೆ ಇದು "ನೀವೆಲ್ಲ" ಅಷ್ಟೇ. ಅವರಿಗೆ, ಅದರಲ್ಲೂ ಅಮೆರಿಕದಲ್ಲಿ, "ನಿಮ್ಮಂಥವರು", "ನಿಮ್ಮ ಜಾತಿಯೇ ಹೀಗೆ" ಅಂತ ಜರೆದ ಹಾಗೆ. ಅಲ್ಲಿನ ಕರಿಯರಿಗೆ ಈ ಎರಡು ಪದ ಹೇಳಿದರೆ ಏನರ್ಥ ಬರುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. "ಯುವರ್ ಟೀಮ್" ಅನ್ನಿ, ಅಥವಾ ಬರೀ "ಯು".

ಮೂರನೇದು ಶಟ್ ಅಪ್. ನಾವು ತಮ್ಮನಿಗೆ "ಸುಮ್ನಿರೋ" ಅನ್ನುವಷ್ಟು ಹಗುರ ಅಲ್ಲ ಅದು. "ಬಾಯಿ ಮುಚ್ಚು" ಅಷ್ಟು ಭಾರ. ಆದರೆ ಗೆಳತಿಯರ ನಡುವೆ ಕಣ್ಣರಳಿಸಿ "ಶಟ್ ಅಪ್!" ಅಂದರೆ "ಹೌದಾ! ಸುಳ್ಳು ಹೇಳ್ಬೇಡ" ಅಂತ. ದನಿ ಎಲ್ಲ ಕಡೆಯೂ ಕೆಲಸ ಮಾಡುತ್ತೆ.

ಮ್ಯಾಡ್, ಪಿಸ್ಡ್: ಈ ಪದಗಳು ಊರಿಗೊಂದು ಅರ್ಥ ಕೊಡ್ತಾವಂತೆ, ನಿಜವಾ?

ನಿಜ. ಅಮೆರಿಕದಲ್ಲಿ ಮ್ಯಾಡ್ ಅಂದರೆ ಹೆಚ್ಚಾಗಿ ಸಿಟ್ಟು. ಬ್ರಿಟನ್‌ನಲ್ಲಿ ಹೆಚ್ಚಾಗಿ ಹುಚ್ಚು. ಪಿಸ್ಡ್ ಅಂದರೆ ಅಮೆರಿಕದಲ್ಲಿ ಸಿಟ್ಟಾಗಿದ್ದಾನೆ, ಬ್ರಿಟನ್‌ನಲ್ಲಿ ಕುಡಿದಿದ್ದಾನೆ. "ಆಫ್" ಸೇರಿಸಿ ಪಿಸ್ಡ್ ಆಫ್ ಅಂದರೆ ಎರಡೂ ಕಡೆ ಸಿಟ್ಟು. ಮ್ಯಾಡ್ ಒರಟಲ್ಲ. ಪಿಸ್ಡ್, ಪಿಸ್ಡ್ ಆಫ್ ಎರಡೂ ಒರಟು, ಆಫೀಸಿನಲ್ಲಿ ಬೇಡ.

ಬ್ಲಡಿ, ಡ್ಯಾಮ್ ಅನ್ನಬಹುದಾ?

ಅರ್ಥ ಗೊತ್ತಿದ್ದರೆ ಸಾಕು, ಬಳಸಬೇಕು ಅಂತೇನಿಲ್ಲ. 1914ರಲ್ಲಿ ಲಂಡನ್‌ನ ರಂಗದ ಮೇಲೆ ಬರ್ನಾರ್ಡ್ ಷಾ ಅವರ ಪಿಗ್ಮೇಲಿಯನ್ ನಾಟಕದ ನಾಯಕಿ ಈ ಬ್ಲಡಿ ಪದವನ್ನು ಒಂದು ಸಲ ಆಡಿದ್ದಕ್ಕೇ ಊರಲ್ಲೆಲ್ಲ ಗುಲ್ಲೆದ್ದಿತ್ತು. ಆಸ್ಟ್ರೇಲಿಯಾದವರಿಗೆ ಅದು ಮನೆಮಾತು. 2006ರಲ್ಲಿ ಅವರ ಪ್ರವಾಸೋದ್ಯಮ ಜಾಹೀರಾತಿನಲ್ಲೇ "ಎಲ್ಲಿದ್ದೀರಿ, ಬನ್ನಿ" ಅಂತ ಕರೆಯುವಾಗ ಆ ಪದ ಬಂತು. ಬ್ರಿಟನ್‌ನ ಟಿವಿಯಲ್ಲಿ ಅದಕ್ಕೆ ಮೊದಲು ತಡೆ ಬಿತ್ತು, ಆಮೇಲೆ ಬಿಟ್ಟರು. ನಮ್ಮಲ್ಲಿ ಹಳೆಯ ಸಿನಿಮಾ ಖಳನಾಯಕರಿಂದ ಕಲಿತ "ಬ್ಲಡಿ" ಬೈಗುಳವೇ ಆಗಿ ಉಳಿದಿದೆ.

ಡ್ಯಾಮ್ ಅನ್ನಲು ಮುಜುಗರ ಪಡುವವರು ಡಾರ್ನ್ ಅನ್ನುತ್ತಾರೆ, ಹೆಲ್ ಬದಲು ಹೆಕ್. "ಥೂ ನಿನ್ನ" ಅನ್ನಲು ಹೊರಟು "ಥತ್" ಅಂತ ನುಂಗಿಕೊಂಡ ಹಾಗೆ.

"ಅಸಮಾಧಾನ ವ್ಯಕ್ತಪಡಿಸಿದರು" ಅನ್ನೋದಕ್ಕೆ "ಎಕ್ಸ್‌ಪ್ರೆಸ್ಡ್ ಡಿಸ್‌ಪ್ಲೆಷರ್" ಸರಿಯಾ?

ಪತ್ರಿಕೆಗೆ ಸರಿ. ಮಾತಿನಲ್ಲಿ ಯಾರೂ ಹಾಗೆ ಅನ್ನಲ್ಲ. ಡಿಸ್‌ಪ್ಲೆಷರ್ ಮೇಲಿನಿಂದ ಕೆಳಗೆ ಇಳಿಯುವ ಪದ. ನ್ಯಾಯಾಲಯ, ಸರ್ಕಾರ, ರಾಜರು ಇವರಿಗೆ ಒಪ್ಪುತ್ತೆ. ಭಾರತೀಯ ಸೇನೆಯಲ್ಲಂತೂ ಅದೊಂದು ಶಿಕ್ಷೆಯ ಹೆಸರು. ಅಧಿಕಾರಿಯ ತಪ್ಪಿಗೆ "ಸಿವಿಯರ್ ಡಿಸ್‌ಪ್ಲೆಷರ್" ಅಂತ ಕೊಡುತ್ತಾರೆ. ಅದರಲ್ಲೂ ದಾಖಲೆಗೆ ಹೋಗುವುದು, ಹೋಗದಿರುವುದು ಅಂತ ಎರಡು ಬಗೆ ಇವೆ. ಇನ್ನೊಂದು ಕಡೆ ಸಂವಿಧಾನದ 310ನೇ ವಿಧಿ, ಕೇಂದ್ರದ ನೌಕರರು ರಾಷ್ಟ್ರಪತಿಯವರ "ಪ್ಲೆಷರ್", ಅಂದರೆ ಮರ್ಜಿ, ಇರುವವರೆಗೆ ಹುದ್ದೆಯಲ್ಲಿರುತ್ತಾರೆ ಅನ್ನುತ್ತೆ. ಇಷ್ಟೆಲ್ಲ ಭಾರ ಹೊತ್ತ ಪದವನ್ನು ಇಸ್ತ್ರಿ ಅಂಗಡಿಯಲ್ಲಿ ಅಂಗಿ ಸುಟ್ಟದ್ದಕ್ಕೆ ಬಳಸಬೇಡಿ.

ದೇಶ ದೇಶಗಳ ನಡುವೆ ಸಿಟ್ಟಾದರೆ ಏನಂತಾರೆ?

ಅಲ್ಲಿ ಪದಗಳಿಗೆ ತಕ್ಕಡಿಯೇ ಇದೆ. ವಿಶ್ವಸಂಸ್ಥೆಯ ಹೇಳಿಕೆಗಳಲ್ಲಿ "ಕನ್ಸರ್ನ್" ಕೆಳಗಿನ ಮೆಟ್ಟಿಲು, ಆಮೇಲೆ "ಗ್ರೇವ್ ಕನ್ಸರ್ನ್", "ಡಿಪ್ಲೋರ್", ಕೊನೆಗೆ "ಕಂಡೆಮ್". ಒಂದು ಮೆಟ್ಟಿಲು ಮೇಲೋ ಕೆಳಗೋ ಅಂತ ರಾಜತಾಂತ್ರಿಕರು ಗಂಟೆಗಟ್ಟಲೆ ಹಗ್ಗ ಎಳೆದಾಡುತ್ತಾರೆ. ಇಬ್ಬರು ನಾಯಕರ ಮಾತುಕತೆ "ಫ್ರ್ಯಾಂಕ್" ಆಗಿತ್ತು ಅಂದರೆ ಒಪ್ಪಂದ ಆಗಲಿಲ್ಲ, ಜಟಾಪಟಿ ಆಯಿತು ಅಂತ ಓದಿಕೊಳ್ಳಿ. ತೀರಾ ಮುನಿದರೆ ರಾಯಭಾರಿಯನ್ನು "ಪರ್ಸೋನಾ ನಾನ್ ಗ್ರಾಟಾ", ಅಂದರೆ ನಮಗೆ ಬೇಡವಾದ ವ್ಯಕ್ತಿ, ಅಂತ ಘೋಷಿಸುತ್ತಾರೆ. ರಾಜತಾಂತ್ರಿಕ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿಯ ಪ್ರಕಾರ ಅದಕ್ಕೆ ಕಾರಣವನ್ನೂ ಕೊಡಬೇಕಿಲ್ಲ.

ದೂರಿನ ಪತ್ರ ಹೇಗೆ ಬರೆಯೋದು?

ನಾನು ಹೇಗೆ ಬರೆಯಬಾರದಿತ್ತು ಅನ್ನೋದನ್ನು ಮೊದಲು ಹೇಳುತ್ತೇನೆ. ವಾಷಿಂಗ್ ಮೆಷಿನ್ ತಂದ ದಿನದಿಂದಲೇ ಗಡಗಡ ಸದ್ದು. ಮೆಕ್ಯಾನಿಕ್ ಎರಡು ಸಲ ಬಂದ, ಕೆಳಗೆ ರಟ್ಟು ಮಡಚಿ ಇಟ್ಟು ಹೋದ. ರಾತ್ರಿ ಕೂತು ಕುಟ್ಟಿದೆ: "ಯು ಪೀಪಲ್ ಆರ್ ಚೀಟಿಂಗ್. ವೆರಿ ವರ್ಸ್ಟ್ ಸರ್ವೀಸ್. ಐ ವಿಲ್ ಟೀಚ್ ಯು ಎ ಲೆಸನ್." ಬರೆದಾಗ ಹಾಯ್ ಅನ್ನಿಸಿತು. ಉತ್ತರವಾಗಿ ಬಂದದ್ದು ಒಂದು ಟಿಕೆಟ್ ನಂಬರ್ ಮಾತ್ರ. ಮುಂದೆ "ದ" ಇಲ್ಲದೆ ಬರೀ "ವೆರಿ ವರ್ಸ್ಟ್" ಅನ್ನಲ್ಲ ಅನ್ನೋದು ಹಾಗಿರಲಿ, ಆ ಮೇಲ್‌ನಲ್ಲಿ ಮೆಷಿನ್‌ಗೆ ಏನಾಗಿದೆ ಅಂತಲೇ ಇರಲಿಲ್ಲ!

ವಾರ ಬಿಟ್ಟು ಮತ್ತೆ ಬರೆದೆ. "ಐ ಆಮ್ ರೈಟಿಂಗ್ ಟು ಕಂಪ್ಲೇನ್ ಅಬೌಟ್" ಅಂತ ಶುರು. ಕೊಂಡ ತಾರೀಖು, ಬಿಲ್ ನಂಬರ್, ಮೆಕ್ಯಾನಿಕ್ ಬಂದ ಎರಡು ದಿನ, ರಟ್ಟಿನ ಫೋಟೋ. ಸಿಟ್ಟಿಗೆ ಒಂದೇ ಸಾಲು: "ಐ ಆಮ್ ಎಕ್ಸ್‌ಟ್ರೀಮ್ಲಿ ಡಿಸಪಾಯಿಂಟೆಡ್ ವಿತ್ ದ ಸರ್ವೀಸ್." ಕೊನೆಗೆ ನನಗೆ ಬೇಕಾದದ್ದು: 10 ದಿನದಲ್ಲಿ ಬದಲಿ ಮೆಷಿನ್ ಕೊಡಿ, ಇಲ್ಲವೇ ಹಣ ವಾಪಸ್ ಕೊಡಿ. ಜೊತೆಗೆ "ಡೆಫಿಷಿಯೆನ್ಸಿ ಇನ್ ಸರ್ವೀಸ್" ಅನ್ನುವ ಮಾತು ಸೇರಿಸಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿರುವ ಪದ ಅದು, ಕನ್ನಡ ಪತ್ರಿಕೆಗಳಲ್ಲಿ "ಸೇವಾ ನ್ಯೂನತೆ" ಅಂತ ಓದಿರುತ್ತೀರಿ. ಕಂಪನಿಯವರಿಗೆ "ಚೀಟಿಂಗ್" ಕೇಳಿ ಕೇಳಿ ರೂಢಿಯಾಗಿದೆ. "ಡೆಫಿಷಿಯೆನ್ಸಿ" ಕಂಡರೆ ಇವರಿಗೆ ಗ್ರಾಹಕರ ಆಯೋಗದ ದಾರಿ ಗೊತ್ತಿದೆ ಅಂತ ಅರ್ಥವಾಗುತ್ತೆ. ನಾಲ್ಕನೇ ದಿನ ಫೋನ್ ಬಂತು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡುತ್ತಿದ್ದೆ.

"ಆ್ಯಸ್ ಪರ್ ಮೈ ಲಾಸ್ಟ್ ಮೇಲ್" ಅನ್ನೋದರಲ್ಲಿ ಏನು ತಪ್ಪು?

ವ್ಯಾಕರಣ ಸರಿಯಾಗಿದೆ. ಆದರೆ "ಹೋದ ಸಲಾನೇ ಹೇಳಿದ್ದೆ, ಓದೋಕೆ ಬರಲ್ವಾ?" ಅಂತ ಕೇಳಿಸುತ್ತೆ. "ಜೆಂಟಲ್ ರಿಮೈಂಡರ್" ಮೊದಲ ಸಲ ಜೆಂಟಲ್, ಮೂರನೇ ಸಲ ಚಿವುಟಿದ ಹಾಗೆ. ಬರೀ "ನೋಟೆಡ್" ಬಗ್ಗೆ ಮೇಲೆಯೇ ಹೇಳಿದೆ.

ವಾಟ್ಸಾಪ್‌ನಲ್ಲಿ "ಫೈನ್" ಅಂದರೆ ಸಿಟ್ಟಾ?

ಮುಂದೆ ಚುಕ್ಕಿ ಇದ್ದರೆ ಅನುಮಾನ ಪಡಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಒಂದು ಪದದ ಉತ್ತರಕ್ಕೆ ಚುಕ್ಕಿ ಇಟ್ಟರೆ, ಓದುವವರಿಗೆ ಅದು ಮನಸ್ಸಿಟ್ಟು ಹೇಳಿದ್ದಲ್ಲ ಅನ್ನಿಸುತ್ತಿತ್ತು. ಹೆಂಡತಿ "ಆಯ್ತು." ಅಂತ ಬರೆದಾಗ ನಮಗೂ ಗೊತ್ತಾಗುತ್ತಲ್ಲ.

ಕ್ರಿಬ್ ಮಾಡೋದು ಅಂದ್ರೆ ಅವರಿಗೆ ಅರ್ಥವಾಗುತ್ತಾ?

ಕಷ್ಟ. ಅಮೆರಿಕದವರಿಗೆ ಕ್ರಿಬ್ ಅಂದರೆ ಮಗುವಿನ ಮಂಚ. ಗೊಣಗುವುದಕ್ಕೆ ಅವರು ವೈನ್, ಗ್ರೈಪ್ ಅನ್ನುತ್ತಾರೆ. ಬ್ರಿಟಿಷರು ಮೋನ್, ವಿಂಜ್ ಅನ್ನುತ್ತಾರೆ.

ಮುನಿಸಿಗೆ ಇಂಗ್ಲಿಷ್ ಏನು?

ಮುಖ ಊದಿಸಿಕೊಂಡು ಕೂತರೆ ಸಲ್ಕಿಂಗ್. ದಡಾರ್ ಅಂತ ಬಾಗಿಲು ಹಾಕಿ ಹೋದರೆ "ಇನ್ ಎ ಹಫ್". ಆದರೆ ಮುನಿಸಿನೊಳಗೆ "ಬಂದು ಸಮಾಧಾನ ಮಾಡು" ಅನ್ನುವ ಕರೆ ಇದೆಯಲ್ಲ, ಅದು ಎರಡರಲ್ಲೂ ಇಲ್ಲ. ಹುಸಿಮುನಿಸಿಗಂತೂ ನನಗೆ ಇನ್ನೂ ಪದ ಸಿಕ್ಕಿಲ್ಲ. ಅವರಲ್ಲಿ ಮುನಿಸೇ ಇಲ್ಲ ಅಂತಲ್ಲ, ಅದಕ್ಕೊಂದು ಹೆಸರಿಟ್ಟು ಮುದ್ದು ಮಾಡಿಲ್ಲ ಅಷ್ಟೇ.

"ಐ ಹೇಟ್ ಬದನೆಕಾಯಿ" ಅಂದ್ರೆ ಜಾಸ್ತಿಯಾಯ್ತಾ?

ಇಂಗ್ಲಿಷಿನಲ್ಲಿ ಜಾಸ್ತಿಯೇನಲ್ಲ. ಹೇಟ್ ಅಲ್ಲಿ ಸವೆದ ನಾಣ್ಯ. ನಮ್ಮ "ದ್ವೇಷ" ಹಾಗಲ್ಲ, ಬದನೆಕಾಯಿಯನ್ನು ದ್ವೇಷಿಸಿದರೆ ಅಡುಗೆಮನೆಯಲ್ಲಿ ನಗುತ್ತಾರೆ. ನಮಗೆ ಬದನೆಕಾಯಿ "ಕಂಡ್ರೆ ಆಗಲ್ಲ". ಅದಕ್ಕೆ ಹತ್ತಿರದ್ದು "ಕಾಂಟ್ ಸ್ಟ್ಯಾಂಡ್". ಅವರ ಮನೆಗೆ ಊಟಕ್ಕೆ ಹೋಗಿದ್ದರೆ ಮಾತ್ರ "ಐ ಆಮ್ ನಾಟ್ ವೆರಿ ಫಾಂಡ್ ಆಫ್ ಇಟ್" ಸಾಕು.

ಅವರೇ ನನ್ನ ಮೇಲೆ ಸಿಟ್ಟಾಗಿದ್ದರೆ ಏನು ಹೇಳಲಿ?

"ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಷನ್" ಅಂತ ಕಾಲ್ ಸೆಂಟರ್‌ನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದು ಬಾಯಿಪಾಠ ಅಂತ ಆ ಕಡೆಯವರಿಗೂ ಗೊತ್ತು. ಅದಕ್ಕಿಂತ ಕೆಟ್ಟದ್ದು "ಐ ಆಮ್ ಸಾರಿ ಇಫ್ ಯು ವರ್ ಅಪ್ಸೆಟ್". ಆ "ಇಫ್" ನೋಡಿ. ನಿಮಗೆ ಬೇಜಾರಾಗಿದ್ದರೆ ಅದು ನಿಮ್ಮ ಹಣೆಬರಹ, ನಾನೇನೂ ಮಾಡಿಲ್ಲ ಅನ್ನುತ್ತೆ. "ಐ ಆಮ್ ಸಾರಿ ವಿ ಮಿಸ್ಡ್ ದ ಡೇಟ್" ಅಂತ ಆದ ತಪ್ಪನ್ನೇ ಹೆಸರಿಟ್ಟು ಹೇಳಿ, ಹೊಸ ತಾರೀಖು ಕೊಡಿ. ಅವತ್ತು ಸೋಮವಾರ ನಾವು ಕಳಿಸಿದ್ದೂ ಅದನ್ನೇ, ಎರಡೇ ಸಾಲು. ಲಂಡನ್‌ನಿಂದ ಉತ್ತರ ಬಂತು: "ದಟ್ಸ್ ಮಚ್ ಬೆಟರ್, ಥ್ಯಾಂಕ್ ಯು." ಪಕ್ಕದ ಕುರ್ಚಿಯವನು ಅದನ್ನೂ ಮೂರು ಸಲ ಓದಿದ, ಇದರಲ್ಲಿ ಬೈಗುಳ ಏನಾದರೂ ಇದೆಯಾ ಅಂತ.